ಉಪ್ಪು ಕಡಿಮೆ ಅಂದರೆ ಎಷ್ಟು? ಹಳ್ಳಿಯ ಆರೋಗ್ಯ ಪಾಠದಲ್ಲಿ ಕಾಣೆಯಾದ ಅಳತೆ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಲ್ಲಿ ಆರೋಗ್ಯ ಶಿಬಿರಕ್ಕೆ ಕೊರತೆಯಿಲ್ಲ. ಶಾಮಿಯಾನ, ಬ್ಯಾನರ್, ಗಣ್ಯರ ಸ್ವಾಗತ ಎಲ್ಲ ಮುಗಿದ ಮೇಲೆ ಬರುವ ಉಪದೇಶವೂ ಬಾಯಿಪಾಠವಾಗಿದೆ: ಉಪ್ಪು ಕಡಿಮೆ ತಿನ್ನಿ, ಪೌಷ್ಟಿಕ ಆಹಾರ ಸೇವಿಸಿ, ಶುದ್ಧ ನೀರು ಕುಡಿಯಿರಿ, ತಪ್ಪದೆ ತಪಾಸಣೆ ಮಾಡಿಸಿಕೊಳ್ಳಿ. ಇದರಲ್ಲಿ ಸುಳ್ಳು ಏನೂ ಇಲ್ಲ. ಆದರೆ ಕೇಳಿಸಿಕೊಂಡ ಹೆಣ್ಣುಮಗಳು ಮರುದಿನ ಒಲೆಯ ಮುಂದೆ ನಿಂತಾಗ ಎಷ್ಟು ಕಡಿಮೆ, ಯಾವುದರಲ್ಲಿ ಕಡಿಮೆ, ಯಾವಾಗಿಂದ ಎಂಬುದು ಅವಳಿಗೆ ಗೊತ್ತಿರುವುದಿಲ್ಲ. ಸಮುದಾಯ ಆರೋಗ್ಯ ಶಿಕ್ಷಣ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಸೋತ ಮೇಲೆ ಜನರ ಅಜ್ಞಾನದ ಮೇಲೆ ತಪ್ಪು ಹೊರಿಸುವುದು ಸುಲಭ.

ಈ ಪ್ರಶ್ನೆ ಈಗ ತುರ್ತಾಗಿದೆ. ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾಯಿತು. ಮನೆ ಬಾಗಿಲಲ್ಲೇ ಬಿಪಿ, ಶುಗರ್ ತಪಾಸಣೆ ಮಾಡುವುದು ಅದರ ಕೆಲಸ. ಅದಕ್ಕೂ ಮೊದಲಿನಿಂದ ಆಶಾ ಕಾರ್ಯಕರ್ತೆಯರು 30 ವರ್ಷ ದಾಟಿದವರ ವಯಸ್ಸು, ತಂಬಾಕು, ಸೊಂಟದ ಸುತ್ತಳತೆ, ಮನೆತನದ ಕಾಯಿಲೆ ಕೇಳಿ ಅಂಕ ಹಾಕುತ್ತಾರೆ. ಅಂಕ 4ಕ್ಕಿಂತ ಹೆಚ್ಚಾದವರನ್ನು ಮೊದಲು ತಪಾಸಣೆಗೆ ಕಳಿಸುತ್ತಾರೆ. ಹೀಗಾಗಿ ಕಾಯಿಲೆ ಪತ್ತೆಯಾಗುತ್ತಿದೆ. ಪತ್ತೆಯಾದ ಮೇಲೆ ಮನೆಯವರು ಏನು ಮಾಡಬೇಕು ಎಂಬ ಪಾಠ ಮಾತ್ರ ಹಿಂದೆ ಉಳಿದಿದೆ.

ಅಳತೆಯಿಂದ ಏನಾಗುತ್ತದೆ ಎಂಬುದಕ್ಕೆ ಬೆಳಗಾವಿ ಜಿಲ್ಲೆಯಲ್ಲೇ ಹಳೆಯ ನಿದರ್ಶನವಿದೆ. 2000ದ ದಶಕದ ಮೊದಲ ವರ್ಷಗಳಲ್ಲಿ ಇಲ್ಲಿನ ಹಳ್ಳಿಗಳ 1,620 ಹೆರಿಗೆಗಳಲ್ಲಿ ಮಿಸೊಪ್ರೊಸ್ಟಾಲ್ ಗುಳಿಗೆಯ ಪ್ರಯೋಗ ನಡೆಯಿತು; 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಗುಳಿಗೆ ಕೊಟ್ಟವರು ಎಎನ್‌ಎಂಗಳು, ಅಂದರೆ ಹಳ್ಳಿಯ ಆರೋಗ್ಯ ಸಹಾಯಕಿಯರು. ಹೆರಿಗೆಯ ನಂತರದ ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಔಷಧದ ಗುಣ ದೊಡ್ಡದು, ನಿಜ. ಆದರೆ ಅಲ್ಲಿ ರಕ್ತವನ್ನು ಕಣ್ಣಂದಾಜಿನಲ್ಲಿ ಬಿಡಲಿಲ್ಲ. ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಹಾಸಿನಲ್ಲಿ ಹಿಡಿದು ಅಳೆದರು. ಒಂದು ಕೆಲಸ, ಒಂದು ಪ್ರಮಾಣ, ಅಳೆಯಲು ಒಂದು ಸಾಧನ. ಇದೇ ಶಿಸ್ತು ಅಡುಗೆಮನೆಗೂ ಬೇಕು.

ಉಪ್ಪಿನ ಲೆಕ್ಕ

ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಗ್ರಾಂ ಹೇಳಿದರೆ ಯಾರಿಗೂ ಹಿಡಿಯುವುದಿಲ್ಲ. ತಿಂಗಳಿಗೆ ಗುಣಿಸಿದರೆ ಹಿಡಿಯುತ್ತದೆ. ಐದು ಜನರ ಮನೆಗೆ ದಿನಕ್ಕೆ 25 ಗ್ರಾಂ, ತಿಂಗಳಿಗೆ 750 ಗ್ರಾಂ. ಅಂದರೆ ಒಂದು ಕಿಲೋ ಪ್ಯಾಕೆಟ್ 40 ದಿನ ಬರಬೇಕು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇನ್ನೂ ಹೆಚ್ಚು ದಿನ. ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಿಂದ ತಾರೀಖು ಬರೆಯಿರಿ, ಮುಗಿದ ದಿನ ಎಣಿಸಿ. ಇಪ್ಪತ್ತೇ ದಿನಕ್ಕೆ ಮುಗಿದರೆ ಮನೆಯವರು ಎರಡು ಪಟ್ಟು ತಿನ್ನುತ್ತಿದ್ದಾರೆ ಎಂದು ಯಾವ ಡಾಕ್ಟರರೂ ಬಂದು ಹೇಳಬೇಕಿಲ್ಲ.

ಲೆಕ್ಕ ಕೆಡುವ ಜಾಗಗಳೂ ಇವೆ. ದನದ ಹಿಂಡಿಗೆ ಅದೇ ಡಬ್ಬಿಯ ಉಪ್ಪು ಹೋಗುತ್ತದೆ, ಬೇಸಿಗೆಯಲ್ಲಿ ಉಪ್ಪಿನಕಾಯಿಗೆ ಒಮ್ಮೆಗೇ ಕಿಲೋಗಟ್ಟಲೆ ಹೋಗುತ್ತದೆ. ದನದ ಉಪ್ಪು ಬೇರೆ ಡಬ್ಬಿಯಲ್ಲಿ ಇಡಬೇಕು. ಉಪ್ಪಿನಕಾಯಿ, ಹಪ್ಪಳಕ್ಕೆ ಹಾಕಿದ್ದನ್ನು ಬೇರೆ ಬರೆದುಕೊಳ್ಳಬೇಕು. ಬಿಟ್ಟುಬಿಡಬಾರದು, ಏಕೆಂದರೆ ಅದೂ ಹೊಟ್ಟೆಗೇ ಹೋಗುವುದು.

ನಮ್ಮ ಭಾಗದ ಊಟಕ್ಕೆ ಒಂದು ಅನುಕೂಲವಿದೆ: ಜೋಳದ ರೊಟ್ಟಿಗೆ ಉಪ್ಪು ಹಾಕುವ ರೂಢಿ ಇಲ್ಲ. ಉಪ್ಪು ಇರುವುದು ರೊಟ್ಟಿಗೆ ಹಚ್ಚಿಕೊಳ್ಳುವುದರಲ್ಲಿ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿಗಳು, ಕೆಂಪು ಖಾರ, ಉಪ್ಪಿನಕಾಯಿ. ಬೆಂಗಳೂರಿನಲ್ಲಿ ಅಚ್ಚಾದ ಕರಪತ್ರ ಚಿಪ್ಸು, ಬರ್ಗರಿನ ಚಿತ್ರ ಹಾಕಿ ಈ ಊರಿಗೆ ಬಂದರೆ ಓದಿದವರು ‘ನಾವು ಅದನ್ನೆಲ್ಲಿ ತಿಂತೀವ್ರಿ’ ಎಂದು ಮಡಚಿ ಇಡುತ್ತಾರೆ. ಹೇಳಬೇಕಾದ್ದು ಹಿಂಡಿಯ ಬಗ್ಗೆ. ಒಂದು ಕಿಲೋ ಶೇಂಗಾಕ್ಕೆ 40 ಗ್ರಾಂ ಉಪ್ಪು ಹಾಕಿ ಕುಟ್ಟಿದ್ದರೆ, 15 ಗ್ರಾಂ ತೂಗುವ ಒಂದು ದೊಡ್ಡ ಚಮಚ ಹಿಂಡಿಯಲ್ಲಿ ಸುಮಾರು ಅರ್ಧ ಗ್ರಾಂ ಉಪ್ಪಿರುತ್ತದೆ. ಎರಡು ಹೊತ್ತಿಗೆ ನಾಲ್ಕು ಚಮಚ ಆದರೆ 2 ಗ್ರಾಂ, ಪಲ್ಯ, ಬೇಳೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಮುಂದಿನ ಸಲ ಕುಟ್ಟುವಾಗ 30 ಗ್ರಾಂ, ಆಮೇಲೆ 25 ಎಂದು ಇಳಿಸಬಹುದು. ಬೆಳ್ಳುಳ್ಳಿ, ಜೀರಿಗೆ ತುಸು ಹೆಚ್ಚಿಸಿದರೆ ರುಚಿ ಕೆಡುವುದಿಲ್ಲ.

ಒಮ್ಮೆಗೇ ಅರ್ಧಕ್ಕೆ ಇಳಿಸಿದ ಮನೆಗಳಲ್ಲಿ ವಾರದೊಳಗೆ ಜಗಳ ಶುರುವಾಗುತ್ತದೆ. ಸೊಸೆ ಸಪ್ಪೆ ಮಾಡಿದಳು ಎಂದು ಅತ್ತೆ, ತಾಟಿನಲ್ಲಿ ಉಪ್ಪು ಸುರಿದುಕೊಳ್ಳುವ ಗಂಡ. ಕೊನೆಗೆ ಮೊದಲಿಗಿಂತ ಹೆಚ್ಚೇ ಉಪ್ಪು ಒಳಗೆ ಹೋಗುತ್ತದೆ. ನಾಲಿಗೆ ಹೊಂದಿಕೊಳ್ಳಲು ಕೆಲವು ವಾರ ಬೇಕು. ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಇಳಿಸುತ್ತ ಹೋದರೆ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಬಿಪಿ ಇದ್ದವರಿಗೆ ಬೇರೆ ಅಡುಗೆ ಎಂಬ ಸಲಹೆಯನ್ನು ನಾವು ಕೊಡುವುದೇ ಇಲ್ಲ. ಹೊಲಕ್ಕೂ ಹೋಗಿ ಅಡುಗೆಯನ್ನೂ ಮಾಡುವ ಹೆಂಗಸಿನ ಮೇಲೆ ಇನ್ನೊಂದು ಹೊರೆ ಹೇರುವ ಆ ಸಲಹೆ ನಾಲ್ಕು ದಿನ ನಡೆಯುವುದಿಲ್ಲ. ಇಡೀ ಮನೆಗೆ ಒಂದೇ ಅಡುಗೆ, ಇಡೀ ಮನೆಗೆ ಕಡಿಮೆ ಉಪ್ಪು.

‘ಹರಳುಪ್ಪು ಒಳ್ಳೇದು, ಪ್ಯಾಕೆಟ್ ಉಪ್ಪಷ್ಟೇ ಕೆಟ್ಟದ್ದು’ ಎಂಬ ಮಾತು ಮೊಬೈಲಿನಿಂದ ಈಗ ಗುಡಿ ಕಟ್ಟೆಗೂ ಬಂದಿದೆ. ಎರಡರಲ್ಲೂ ಇರುವುದು ಸೋಡಿಯಂ. ರಕ್ತದೊತ್ತಡಕ್ಕೆ ಹರಳಿನ ಗಾತ್ರ ತಿಳಿಯುವುದಿಲ್ಲ. ಅಯೋಡಿನ್ ಇಲ್ಲದ ಹರಳುಪ್ಪಿಗೆ ಮರಳಿದರೆ ಗರ್ಭಿಣಿಯರಿಗೂ ಮಕ್ಕಳಿಗೂ ಬೇರೆ ನಷ್ಟ. ಪೊಟ್ಯಾಸಿಯಂ ಬೆರೆಸಿದ ಕಡಿಮೆ ಸೋಡಿಯಂ ಉಪ್ಪು ಪೇಟೆಯಲ್ಲಿ ಸಿಗುತ್ತದೆ, ಬಿಪಿಗೆ ಉಪಯೋಗವೂ ಇದೆ. ಆದರೆ ಕಿಡ್ನಿ ತೊಂದರೆ ಇದ್ದವರಿಗೆ ಅದು ಅಪಾಯ. ಒಂದೇ ಡಬ್ಬಿಯಿಂದ ಎಲ್ಲರೂ ಉಣ್ಣುವ ಮನೆಯಲ್ಲಿ ಡಾಕ್ಟರರನ್ನು ಕೇಳದೆ ತರಬಾರದು.

‘ಬಿಸಿಲಾಗ ಬೆವರ ಸುರಿಸಿ ದುಡಿಯವ್ರಿಗೆ ಉಪ್ಪ ಬೇಕಲ್ರಿ’ ಎಂಬ ಆಕ್ಷೇಪಕ್ಕೆ ನಗಬಾರದು. 40 ಡಿಗ್ರಿ ದಾಟುವ ಏಪ್ರಿಲ್‌ನಲ್ಲಿ ಹೊಲದಲ್ಲಿ ದುಡಿಯುವವರಿಗೆ ಮೊದಲು ಬೇಕಾದ್ದು ನೀರು. ಅದರ ಜೊತೆ ಚಿಟಿಕೆ ಉಪ್ಪಿನ ಮಜ್ಜಿಗೆಗೆ ತಡೆಯಿಲ್ಲ. ಬಿಪಿ ಗುಳಿಗೆ ನುಂಗುವವರು, ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದವರು ಮಾತ್ರ ಇದನ್ನು ಡಾಕ್ಟರರ ಹತ್ತಿರ ಕೇಳಿಕೊಳ್ಳಬೇಕು. ಆದರೆ ಬೇಸಿಗೆಯ ಈ ರಿಯಾಯಿತಿಯನ್ನು ಹನ್ನೆರಡು ತಿಂಗಳ ಉಪ್ಪಿನಕಾಯಿಗೆ ಎಳೆಯುವಂತಿಲ್ಲ.

ಬಿಪಿ ನೋಡುವ ಕೈ

ಶಿಬಿರದ ಬಿಪಿ ಲೆಕ್ಕಗಳನ್ನು ಪೂರ್ತಿ ನಂಬಲಾಗದು. ಮೂರು ಕಿಲೋಮೀಟರ್ ಬಿಸಿಲಲ್ಲಿ ನಡೆದು ಬಂದವರನ್ನು, ಚಹಾ ಕುಡಿದು ಕಪ್ಪು ಇಟ್ಟವರನ್ನು ಹಾಗೇ ಸ್ಟೂಲಿನ ಮೇಲೆ ಕೂರಿಸಿ ಪಟ್ಟಿ ಸುತ್ತುತ್ತಾರೆ. ಅಂಗಿಯ ತೋಳಿನ ಮೇಲೆಯೇ ಪಟ್ಟಿ, ಕೈ ಜೋತು ಬಿದ್ದಿದೆ, ಬಾಯಲ್ಲಿ ಮಾತು ನಡೆದೇ ಇದೆ. ಇವುಗಳಲ್ಲಿ ಒಂದೊಂದೂ ಅಂಕಿಯನ್ನು ಮೇಲೆ ತಳ್ಳುತ್ತದೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೂ ಹಾಗೆಯೇ. ಸರಿಯಾದ ಕ್ರಮ ಕಷ್ಟವಲ್ಲ: ಅರ್ಧ ಗಂಟೆ ಮೊದಲಿನಿಂದ ಚಹಾ, ತಂಬಾಕು ಬೇಡ, ಬೆನ್ನಿಗೆ ಆನಿಕೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಬೇಕು, ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಬೇಡ, ಬರಿ ತೋಳಿಗೆ ಪಟ್ಟಿ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ, ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಬೇಕು. 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೂ ಒಂದೇ ದಿನದ ಅಂಕಿಯಿಂದ ತೀರ್ಮಾನ ಮಾಡದೆ ಇನ್ನೊಂದು ದಿನ ನೋಡಬೇಕು. 180/110 ಮುಟ್ಟಿದರೆ ಮಾತ್ರ ಕಾಯದೆ ಅಂದೇ ಡಾಕ್ಟರರಿಗೆ ತೋರಿಸಬೇಕು.

ಇದನ್ನು ಸಿಬ್ಬಂದಿಗಷ್ಟೇ ಅಲ್ಲ, ಜನರಿಗೂ ಕಲಿಸಬೇಕು. ‘ಅಕ್ಕಾರ, ಒಂದ ಐದ ನಿಮಿಷ ಕೂಡತೇನ್ರಿ, ಆಮ್ಯಾಲ ನೋಡ್ರಿ’ ಎಂದು ರೋಗಿಯೇ ಹೇಳುವಂತಾದರೆ ಅರ್ಧ ತಪ್ಪು ಅಲ್ಲೇ ತಪ್ಪುತ್ತದೆ.

ಗುಳಿಗೆ ಶುರುವಾದ ಮೇಲಿನ ತೊಡಕು ಬೇರೆ. ‘ಒಮ್ಮೆ ಹಿಡದ್ರ ಜೀವನಪೂರ್ತಿ ಬಿಡಾಕ ಬರೂದಿಲ್ಲ, ಅದಕ್ಕ ಹಿಡೀದ ಇರೂದ ಚಲೋ’ ಎನ್ನುವವರು ಒಂದು ಕಡೆ. ಒಂದು ತಿಂಗಳು ನುಂಗಿ, ಅಂಕಿ 130ಕ್ಕೆ ಇಳಿದದ್ದು ನೋಡಿ ‘ಆರಾಮಾತು’ ಎಂದು ಬಿಟ್ಟವರು ಇನ್ನೊಂದು ಕಡೆ. ಇಳಿದಿರುವುದು ಗುಳಿಗೆಯಿಂದ, ಬಿಟ್ಟರೆ ಮತ್ತೆ ಏರುತ್ತದೆ, ಏರುವಾಗ ತಲೆನೋವೂ ಬರದೆ ಇರಬಹುದು ಎಂಬ ಈ ಮೂರು ಮಾತನ್ನು ಮೊದಲ ಪಟ್ಟಿ ಗುಳಿಗೆ ಕೈಗಿಡುವಾಗಲೇ ಹೇಳಬೇಕು. ಎರಡನೇ ತಿಂಗಳಿಗೆ ಹೇಳಲು ಆ ಮನುಷ್ಯ ಬಂದೇ ಇರುವುದಿಲ್ಲ.

ಕಬ್ಬಿಣದ ಗುಳಿಗೆ ಪೆಟ್ಟಿಗೆಯಲ್ಲಿ ಉಳಿಯುವುದೇಕೆ

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 47.8 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ 65.5ರಷ್ಟು ಮಂದಿಗೆ ರಕ್ತಹೀನತೆ. ‘ಸೊಪ್ಪು, ಕಾಳು ತಿನ್ನಿ’ ಎಂಬುದು ಇಲ್ಲಿ ಸಿಗುವ ಮಾಮೂಲಿ ಉತ್ತರ. ಲೆಕ್ಕ ಹಾಕಿದರೆ ಅದು ಸಾಲುವುದಿಲ್ಲ. 100 ಗ್ರಾಂ ಜೋಳದಲ್ಲಿ ಕಬ್ಬಿಣಾಂಶ 4 ಮಿಲಿಗ್ರಾಂ ಸುಮಾರು, ಸಜ್ಜೆಯಲ್ಲಿ 6ಕ್ಕಿಂತ ತುಸು ಹೆಚ್ಚು. ದಿನಕ್ಕೆ 300 ಗ್ರಾಂ ಜೋಳ ತಿಂದರೆ 12 ಮಿಲಿಗ್ರಾಂ. ಹೆಣ್ಣಿಗೆ ಬೇಕಾದ್ದು 29. ಅದರಲ್ಲೂ ಕಾಳುಕಡಿಯ ಕಬ್ಬಿಣ ಮೈಗೆ ಹತ್ತುವುದು ಬಹಳ ಕಡಿಮೆ, ಏಕೆಂದರೆ ಧಾನ್ಯದ ಹೊಟ್ಟಿನಲ್ಲಿರುವ ಫೈಟೇಟ್ ಅದನ್ನು ಹಿಡಿದಿಡುತ್ತದೆ. ಊಟ ಮುಗಿಯುತ್ತಿದ್ದಂತೆ ಬರುವ ಚಹಾ ಇನ್ನಷ್ಟು ತಡೆಯುತ್ತದೆ.

ಹಾಗೆಂದು ಊಟದ ಪಾಠ ಬೇಡವೆಂದಲ್ಲ. ಮಡಕಿ ಕಾಳು, ಹೆಸರು ಕಾಳನ್ನು ಮೊಳಕೆ ಬರಿಸಿದರೆ ಫೈಟೇಟ್ ಇಳಿಯುತ್ತದೆ. ಪಲ್ಯ ಒಲೆಯಿಂದ ಇಳಿಸಿದ ಮೇಲೆ ತಾಟಿನಲ್ಲೇ ಅರ್ಧ ಲಿಂಬೆ ಹಿಂಡಿಕೊಂಡರೆ ಕಬ್ಬಿಣ ಹೆಚ್ಚು ಹತ್ತುತ್ತದೆ. ಕುದಿಯುವಾಗ ಹಿಂಡಿದರೆ ಅದರ ಸಿ ಜೀವಸತ್ವ ಬಹಳಷ್ಟು ಹಾಳಾಗುತ್ತದೆ. ಇಂಡಿ ತಾಲ್ಲೂಕಿನ ಲಿಂಬೆ ದೇಶದ ಮಾರುಕಟ್ಟೆಗೆಲ್ಲ ಹೋಗುವ ವಿಜಯಪುರ ಜಿಲ್ಲೆಯಲ್ಲಿ ಅರ್ಧ ಲಿಂಬೆ ದುಬಾರಿ ಸಲಹೆಯೇನಲ್ಲ. ಚಹಾ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಆಮೇಲೆ. ಇಷ್ಟಾದರೂ ಗರ್ಭಿಣಿಗೆ ಗುಳಿಗೆ ತಪ್ಪಿದ್ದಲ್ಲ.

ನಾಲ್ಕನೇ ತಿಂಗಳಿನಿಂದ ದಿನಕ್ಕೊಂದು, ಕನಿಷ್ಠ 180 ಗುಳಿಗೆ. ಹೆರಿಗೆಯ ನಂತರ ಮತ್ತೆ 180. ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ದಿನಕ್ಕೆ ಎರಡು. 7ಕ್ಕಿಂತ ಕೆಳಗಿದ್ದರೆ ಗುಳಿಗೆ ನಂಬಿ ಕೂರದೆ ಆಸ್ಪತ್ರೆ. ತಾಯಿ ಕಾರ್ಡಿನಲ್ಲಿ ‘ಕೊಡಲಾಗಿದೆ’ ಎಂದು ಬರೆದಿರುತ್ತದೆ. ಹಾಗೆಂದು ನುಂಗಿದ್ದಾರೆಂದಲ್ಲ. ಮನೆಯ ಟ್ರಂಕಿನಲ್ಲಿ ಪಟ್ಟಿಗಳು ಹಾಗೇ ಉಳಿಯಲು ಕಾರಣ ಹಲವು: ಹೊಟ್ಟೆ ತೊಳಸುತ್ತದೆ, ಮಲಬದ್ಧತೆ, ಸಂಡಾಸು ಕಪ್ಪಾಗುತ್ತದೆ, ಅದರ ಮೇಲೆ ‘ಕೂಸು ದೊಡ್ಡದಾಗಿ ಹೆರಿಗಿ ತ್ರಾಸ ಆಕ್ಕೈತಿ’, ‘ಕೂಸು ಕರ್ರಗ ಹುಟ್ಟತೈತಿ’ ಎಂಬ ಹಿರಿಯರ ಮಾತು. ಕಪ್ಪಾಗುವುದು ಮೈಗೆ ಹತ್ತದೆ ಉಳಿದ ಕಬ್ಬಿಣದಿಂದ, ಅದರಿಂದ ಹಾನಿಯಿಲ್ಲ ಎಂದು ಮೊದಲೇ ಹೇಳಿದರೆ ಹೆದರಿ ಬಿಡುವವರು ಕಡಿಮೆಯಾಗುತ್ತಾರೆ. ಆದ ಮೇಲೆ ಹೇಳಿದರೆ ಅದು ಸಮಜಾಯಿಷಿಯಂತೆ ಕೇಳಿಸುತ್ತದೆ. ಹೊಟ್ಟೆ ತೊಳಸುವವರು ರಾತ್ರಿ ಊಟವಾಗಿ ಒಂದು ಗಂಟೆ ಬಿಟ್ಟು ಮಲಗುವ ಮುಂಚೆ ಲಿಂಬೆ ನೀರಿನ ಜೊತೆ ನುಂಗಲಿ.

ಗರ್ಭಿಣಿ, ಬಾಣಂತಿಯರಿಗೆ ಊಟ ಕೊಡುವ ಮಾತೃಪೂರ್ಣ ಯೋಜನೆಯ ಅಂಗನವಾಡಿ ಊಟದ ಹೊತ್ತು ಗುಳಿಗೆಯನ್ನು ಕಣ್ಣೆದುರೇ ನುಂಗಿಸಲು ಒಳ್ಳೆಯ ಸಮಯ ಎನಿಸುತ್ತದೆ. ಆದರೆ ಆ ಊಟದ ಜೊತೆ ಹಾಲೂ ಇರುತ್ತದೆ. ಹಾಲು, ಕ್ಯಾಲ್ಸಿಯಂ ಗುಳಿಗೆ ಎರಡೂ ಕಬ್ಬಿಣವನ್ನು ತಡೆಯುತ್ತವೆ. ನಡುವೆ ಎರಡು ಗಂಟೆ ಅಂತರ ಬೇಕು. ಕ್ಯಾಲ್ಸಿಯಂ ಊಟದ ಜೊತೆ, ಕಬ್ಬಿಣ ರಾತ್ರಿ ಎಂದು ಬೇರೆ ಮಾಡಿ, ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗುರುತು ಹಾಕಿಸುವುದು ಹೆಚ್ಚು ಕೆಲಸ ಮಾಡುತ್ತದೆ. ಆಶಾ ಬಂದಾಗ ಗುರುತು ಮತ್ತು ಖಾಲಿ ಪಟ್ಟಿ ಎರಡನ್ನೂ ನೋಡಬೇಕು. ಸರಿಯಾಗಿ ನುಂಗಿದವರಿಗೆ ಹಿಮೋಗ್ಲೋಬಿನ್ ತಿಂಗಳಿಗೆ ಸುಮಾರು 1 ಗ್ರಾಂ ಏರಬೇಕು. ಏರದಿದ್ದರೆ ಜಂತುಹುಳು, ಬೇರೆ ಕಾಯಿಲೆ, ಇಲ್ಲವೇ ನುಂಗದೆ ಇರುವುದು. ಯಾವುದೆಂದು ಗದರದೆ ಕೇಳಿದರೆ ಮಾತ್ರ ಉತ್ತರ ಸಿಗುತ್ತದೆ. ಗುಳಿಗೆಗಳನ್ನು ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಚಾಕಲೇಟೆಂದು ಹತ್ತಿಪ್ಪತ್ತು ನುಂಗಿದ ಕೂಸಿನ ಜೀವಕ್ಕೇ ಕುತ್ತು.

ನೀರು, ಸಕ್ಕರೆ, ಮಿಶ್ರಿ

ಈ ಭಾಗದ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ. ‘ಕುದಿಸಿ ಕುಡಿಯಿರಿ’ ಎಂಬ ಸಾರ್ವಕಾಲಿಕ ಸಲಹೆ ಇಲ್ಲಿ ತಿರುಗುಬಾಣ: ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹಾಗೇ ಉಳಿದು, ನೀರು ಆವಿಯಾದಷ್ಟು ಇನ್ನೂ ಗಟ್ಟಿಯಾಗುತ್ತದೆ. ಹೀಗಾಗಿ ಎರಡು ಪ್ರಶ್ನೆಗೆ ಎರಡು ಉತ್ತರ ಬೇಕು. ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ್ದು ಅಥವಾ ನದಿ ಮೂಲದ ಬಹುಗ್ರಾಮ ಯೋಜನೆಯ ನಳದ್ದು. ರೋಗಾಣುವಿಗೆ ಟ್ಯಾಂಕಿನ ಕ್ಲೋರಿನ್, 1,000 ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪುಡಿ 2.5 ಗ್ರಾಂ, ಒಂದು ಗಂಟೆ ಬಿಟ್ಟು ನೀರು ಹರಿಸುವುದು. ಬಾಯಿ ತೆರೆದು ಮೂಲೆಯಲ್ಲಿಟ್ಟ ಬ್ಲೀಚಿಂಗ್ ಚೀಲದ ಶಕ್ತಿ ದಿನದಿನಕ್ಕೂ ಇಳಿಯುತ್ತದೆ, ಅದೇ 2.5 ಗ್ರಾಂ ಆಮೇಲೆ ಸಾಲದು. ಜಲ ಜೀವನ್ ಮಿಷನ್ ಅಡಿ ಹಳ್ಳಿಗೆ ಐದು ಹೆಣ್ಣುಮಕ್ಕಳಿಗೆ ನೀರು ಪರೀಕ್ಷಾ ಕಿಟ್ ಬಳಸಲು ಕಲಿಸಬೇಕೆಂದಿದೆ. ಆ ಕಿಟ್ ಪಂಚಾಯಿತಿಯ ಕಪಾಟಿನಲ್ಲಿದೆಯೋ ನಳದ ಹತ್ತಿರ ಬರುತ್ತಿದೆಯೋ ಎಂದು ಗ್ರಾಮಸಭೆಯಲ್ಲಿ ಕೇಳಬಹುದು.

ವಾಂತಿಭೇದಿಗೆ ಓಆರ್‌ಎಸ್ ಗೊತ್ತಿಲ್ಲದವರಿಲ್ಲ, ಕಲಸಲು ಗೊತ್ತಿಲ್ಲದವರು ಬಹಳ. 20.5 ಗ್ರಾಂ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರಿಗೇ ಹಾಕಬೇಕು. ಸ್ವಲ್ಪ ಸ್ವಲ್ಪ ಲೋಟಕ್ಕೆ ಉದುರಿಸಿದರೆ ಉಪ್ಪು ಗಟ್ಟಿಯಾಗಿ ಕೂಸಿಗೆ ತೊಂದರೆ. ಮನೆಯಲ್ಲಿ ಒಂದು ಲೀಟರ್ ಬಾಟಲಿ ಗುರುತು ಮಾಡಿಟ್ಟರೆ ಸಾಕು. ಕಲಸಿದ್ದು 24 ಗಂಟೆ ಮಾತ್ರ. ಪ್ಯಾಕೆಟ್ ಇಲ್ಲದ ಹೊತ್ತಿಗೆ ಒಂದು ಲೀಟರ್ ಶುದ್ಧ ನೀರಿಗೆ ಸಣ್ಣ ಚಮಚದಿಂದ ಸಮತಟ್ಟಾಗಿ ಆರು ಸಕ್ಕರೆ, ಅರ್ಧ ಉಪ್ಪು. ಜೊತೆಗೆ ಆರು ತಿಂಗಳು ದಾಟಿದ ಮಕ್ಕಳಿಗೆ ಜಿಂಕ್ 20 ಮಿಲಿಗ್ರಾಂ 14 ದಿನ. ಭೇದಿ ನಿಂತಿತೆಂದು ಮೂರನೇ ದಿನಕ್ಕೆ ಬಿಡಬಾರದು.

ಸಕ್ಕರೆಯದು ಚಹಾದ ಲೆಕ್ಕ. ದಿನಕ್ಕೆ ಐದು ಕಪ್ಪು, ಕಪ್ಪಿಗೆ ಎರಡು ಚಮಚವೆಂದರೆ 50 ಗ್ರಾಂ, ತಿಂಗಳಿಗೆ ಒಬ್ಬರಿಗೇ ಒಂದೂವರೆ ಕಿಲೋ. ಜೋಳ ತಿಂದರೆ ಶುಗರ್ ಬರುವುದಿಲ್ಲ ಎಂದು ನಂಬಿದವರಿಗೆ ಈ ಒಂದೂವರೆ ಕಿಲೋವನ್ನು ಚೀಲದಲ್ಲಿ ತೂಗಿ ತೋರಿಸಬೇಕು.

ಮಿಶ್ರಿ ಎಂಬ ತಂಬಾಕಿನ ಹಲ್ಲುಪುಡಿ ಬಗ್ಗೆ ಪಾಠ ಮಾಡುವವರು ಕಡಿಮೆ. ಗುಟ್ಕಾ, ಬೀಡಿ ಎಂದರೆ ಗಂಡಸರ ಚಟ ಎಂದುಕೊಂಡು ಮುಂದೆ ಹೋಗುತ್ತಾರೆ. ತಂಬಾಕು ಬೆಳೆಯುವ, ಬೀಡಿ ಕಟ್ಟುವ ನಿಪ್ಪಾಣಿಯ ಕಡೆ, ಮಹಾರಾಷ್ಟ್ರದ ಗಡಿಯ ಹಳ್ಳಿಗಳಲ್ಲಿ ಹುರಿದ ತಂಬಾಕಿನ ಪುಡಿಯಿಂದ ಹಲ್ಲುಜ್ಜುವ ಹೆಂಗಸರಿದ್ದಾರೆ. ‘ತಂಬಾಕು ತಿಂತೀರೇನ್ರಿ’ ಎಂದರೆ ಇಲ್ಲವೆನ್ನುತ್ತಾರೆ. ಅವರ ಲೆಕ್ಕದಲ್ಲಿ ಅದು ಹಲ್ಲುಪುಡಿ. ಪ್ರಶ್ನೆಯನ್ನೇ ‘ಹಲ್ಲು ಯಾವದರಿಂದ ತಿಕ್ಕತೀರಿ, ದಿನಕ್ಕ ಎಷ್ಟ ಸಲ’ ಎಂದು ಬದಲಿಸಬೇಕು. ಗರ್ಭಿಣಿಯಾದರೆ ಮೊದಲ ಭೇಟಿಯಲ್ಲೇ ಕೇಳಬೇಕು, ಹುಟ್ಟುವ ಕೂಸಿನ ತೂಕ ಇಳಿಯಲು ಅದೂ ಒಂದು ಕಾರಣ.

ಪಾಠ ಎಲ್ಲಿ, ಯಾವಾಗ

ಗ್ರಾಮ ಆರೋಗ್ಯ ಮತ್ತು ಪೌಷ್ಟಿಕ ದಿನ ಬೆಳಗ್ಗೆ ಹನ್ನೊಂದಕ್ಕೆ ನಡೆದರೆ ಬರುವವರು ಮನೆಯಲ್ಲೇ ಇರುವವರು. ಕಳೆ ತೆಗೆಯಲು, ಕಬ್ಬು ಕಡಿಯಲು ಹೋದವರಿಗೆ ಆ ಪಾಠ ಇಲ್ಲ. ತೋಟದ ವಸ್ತಿಗಳಲ್ಲಿ ಊರಿಂದ ಎರಡು ಮೂರು ಕಿಲೋಮೀಟರ್ ದೂರ ಇರುವವರಿಗೂ ಇಲ್ಲ. ಬೇಸಿಗೆಯಲ್ಲಿ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸರ್ಕಾರಿ ಕಚೇರಿಯ ವೇಳೆಯೇ ಬೆಳಗ್ಗೆ 8ಕ್ಕೆ ಸರಿಯುತ್ತದೆ. ಆರೋಗ್ಯ ಪಾಠವೂ ಸರಿಯಬಹುದು. ಗಂಡಸರು ಸಿಗುವುದು ಬೆಳಗ್ಗೆ ಹಾಲಿನ ಡೇರಿಯಲ್ಲಿ, ಬಿಪಿ ಯಂತ್ರ ಅಲ್ಲಿಗೆ ಹೋಗಬೇಕು. ಹೆಣ್ಣುಮಕ್ಕಳು ಸಿಗುವುದು ಸ್ವಸಹಾಯ ಸಂಘದ ವಾರದ ಸಭೆಯಲ್ಲಿ, ರಾತ್ರಿ ಅಡುಗೆಗೆ ಮುಂಚೆ. ತಾಂಡಾದಲ್ಲಿ ಲಂಬಾಣಿ ಮಾತಾಡುವ ಹೆಂಗಸು, ಗಡಿಯಲ್ಲಿ ಮರಾಠಿ ಬಲ್ಲವಳು ಜೊತೆಗಿಲ್ಲದೆ ಹೋಗುವುದು ವ್ಯರ್ಥ.

ಗೀಗೀ ಪದ, ಬೀದಿನಾಟಕ ಚೆನ್ನ, ಜನ ಸೇರುತ್ತಾರೆ. ಆದರೆ ಹಾಡು ಕೇಳಿ ಅಳತೆ ಕಲಿತವರಿಲ್ಲ. ಕಲಿಯಲು ಹನ್ನೆರಡು ಹದಿನೈದು ಜನ, ಅರ್ಧ ಗಂಟೆ, ಒಂದೇ ವಿಷಯ ಸಾಕು. ಎಲ್ಲರೂ ತಮ್ಮ ಮನೆಯ ಉಪ್ಪಿನ ಚಮಚ ತರಲಿ, ದಿನಾ ಹಾಕುವಷ್ಟು ಉಪ್ಪು ತೆಗೆದು ಡಿಜಿಟಲ್ ತಕ್ಕಡಿಯಲ್ಲಿ ಇಡಲಿ. ‘ಒಂದು ಚಮಚ’ ಎಂದವರಲ್ಲಿ ಒಬ್ಬಳದು 6 ಗ್ರಾಂ, ಇನ್ನೊಬ್ಬಳ ಗೋಪುರದ ಚಮಚ ಅದರ ಎರಡರಷ್ಟು ಬರುತ್ತದೆ. ಆಗ ಭಾಷಣ ಬೇಕಾಗುವುದಿಲ್ಲ. ಅಡುಗೆಮನೆಯ ಅಂಥ ತಕ್ಕಡಿ ಐನೂರು ರೂಪಾಯಿಯೊಳಗೆ ಬರುತ್ತದೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ ಬರುವ 10,000 ರೂಪಾಯಿ ಮುಕ್ತ ನಿಧಿಯನ್ನು ಬ್ಯಾನರಿಗೆ, ಚಹಾಕ್ಕೆ ಹಾಕುವ ಬದಲು ಇದಕ್ಕೆ ಹಾಕಲು ಅಡ್ಡಿಯೇನಿಲ್ಲ. ಮುಂದಿನ ವಿಷಯ ಮೂರು ವಾರ ಬಿಟ್ಟು. ಅದಕ್ಕೂ ಮೊದಲು ಹಿಂದಿನ ಪ್ಯಾಕೆಟ್ಟಿನ ತಾರೀಖು ನೋಡಬೇಕು.

ದೀಪಾವಳಿ ಹೊತ್ತಿಗೆ ಗುಳೆ ಶುರುವಾಗುತ್ತದೆ. ಕಬ್ಬಿನ ಗ್ಯಾಂಗಿನ ಜೊತೆ, ಗೋವಾ, ಪುಣೆಯ ಕಟ್ಟಡ ಕೆಲಸಕ್ಕೆ ಹೋಗುವವರ ಬಿಪಿ, ಶುಗರ್ ಗುಳಿಗೆ ಒಂದು ತಿಂಗಳಿಗೆ ಮುಗಿಯುತ್ತದೆ. ಮತ್ತೆ ಸಿಗುವುದು ಯುಗಾದಿಗೆ ಊರಿಗೆ ಬಂದಾಗ. ಹೊರಡುವ ಮೊದಲಿನ ವಾರವೇ ಆಶಾ ಆ ಮನೆಗಳ ಪಟ್ಟಿ ಮಾಡಿ, ಆರೋಗ್ಯ ಕೇಂದ್ರದ ಡಾಕ್ಟರರ ಒಪ್ಪಿಗೆ ಪಡೆದು ಹೆಚ್ಚು ತಿಂಗಳ ಗುಳಿಗೆ ಕೊಡಿಸಬೇಕು. ಜೊತೆಗೊಂದು ಚೀಟಿ: ಔಷಧದ ಮೂಲ ಹೆಸರು, ಮಿಲಿಗ್ರಾಂ, ಎಷ್ಟು ಹೊತ್ತಿಗೆ ಎಂಬುದು, ಕೊನೆಯ ಸಲದ ಬಿಪಿ ಅಂಕಿ, ಇಂಗ್ಲಿಷ್ ಅಕ್ಷರದಲ್ಲಿ. ಬರಿ ಕನ್ನಡದಲ್ಲಿ ಬರೆದುಕೊಟ್ಟರೆ ಸಾಂಗ್ಲಿಯ ಆಸ್ಪತ್ರೆಯಲ್ಲಿ ಅದನ್ನು ಓದುವವರು ಇರುವುದಿಲ್ಲ. ಗರ್ಭಿಣಿ ಜೊತೆಗೆ ಹೊರಟಿದ್ದರೆ ತಾಯಿ ಕಾರ್ಡು ಟ್ರಂಕಿನಲ್ಲಿ ಉಳಿಯದೆ ಅವಳ ಚೀಲದಲ್ಲೇ ಹೋಗಬೇಕು, ಉಳಿದ ಗುಳಿಗೆಯನ್ನು ಎಣಿಸಿಯೇ ಕಟ್ಟಿಕೊಡಬೇಕು.